ಕರಿಹಲಗೆಯ ಮೇಲೆ ಚಪ್ಪಟೆಯಾದ ಅಣು

ಡೈಕ್ಲೋರೋಮೀಥೇನ್ ಅಣುವಿನ ರಚನೆ ಬರೆಯಿರಿ ಎಂದರೆ ನೀವು ಹೇಗೆ ಬರೆಯುತ್ತೀರಿ? ನಡುವೆ ಒಂದು ಕಾರ್ಬನ್. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕು ಗೆರೆ. ತುದಿಗಳಲ್ಲಿ ಎರಡು ಹೈಡ್ರೋಜನ್, ಎರಡು ಕ್ಲೋರಿನ್. ಈಗ ಒಂದು ಪ್ರಶ್ನೆ. ಕ್ಲೋರಿನ್‌ಗಳನ್ನು ಎದುರುಬದುರಾಗಿ ಬರೆದರೆ ಒಂದು ವಸ್ತು, ಅಕ್ಕಪಕ್ಕದಲ್ಲಿ ಬರೆದರೆ ಇನ್ನೊಂದು ವಸ್ತುವೇ? ಚಿತ್ರವನ್ನು ನಂಬಿದ ವಿದ್ಯಾರ್ಥಿ ‘ಹೌದು’ ಎನ್ನುತ್ತಾನೆ. ಆದರೆ ಇರುವುದು ಒಂದೇ ಡೈಕ್ಲೋರೋಮೀಥೇನ್. ತಪ್ಪು ವಿದ್ಯಾರ್ಥಿಯದಲ್ಲ, ಚಿತ್ರದ ಮಿತಿಯನ್ನು ತಿಳಿಸದ ಪಾಠದ್ದು.

ಪ್ರತಿಯೊಂದು ಬಗೆಯ ಸೂತ್ರವೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಯಾವ ಪರಮಾಣು ಎಷ್ಟಿವೆ ಎಂಬುದನ್ನು ಅಣುಸೂತ್ರ ಹೇಳುತ್ತದೆ. ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್ – ಈ ಲೆಕ್ಕ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಎಥನಾಲ್‌ಗೂ ಸರಿ, ಸೊನ್ನೆಗಿಂತ ಸುಮಾರು 24 ಡಿಗ್ರಿ ಕೆಳಗೇ ಕುದಿಯುವ ಡೈಮೀಥೈಲ್ ಈಥರ್‌ಗೂ ಸರಿ. ಇವೆರಡನ್ನು ಬೇರ್ಪಡಿಸಲು ರಚನಾಸೂತ್ರ ಬೇಕು. ಎಥನಾಲ್‌ನಲ್ಲಿ ಆಕ್ಸಿಜನ್ನಿನ ಒಂದು ಕಡೆ ಕಾರ್ಬನ್, ಇನ್ನೊಂದು ಕಡೆ ಹೈಡ್ರೋಜನ್; ಈಥರ್‌ನಲ್ಲಿ ಅದು ಎರಡು ಕಾರ್ಬನ್‌ಗಳ ನಡುವೆ ಇದೆ.

ಆದರೆ ಮೂರು ಆಯಾಮಗಳಲ್ಲಿ ಪರಮಾಣುಗಳು ಯಾವ ದಿಕ್ಕಿಗಿವೆ ಎಂಬುದನ್ನು ಗೆರೆಗಳ ಈ ಸೂತ್ರವೂ ಹೇಳುವುದಿಲ್ಲ. 1864ರಲ್ಲಿ ಇಂಥ ಸೂತ್ರಗಳನ್ನು ಪ್ರಕಟಿಸಿದ ಅಲೆಕ್ಸಾಂಡರ್ ಕ್ರಮ್ ಬ್ರೌನ್, ತಾವು ತೋರಿಸುತ್ತಿರುವುದು ಪರಮಾಣುಗಳ ಭೌತಿಕ ಸ್ಥಾನವನ್ನಲ್ಲ, ರಾಸಾಯನಿಕ ಸ್ಥಾನವನ್ನು ಮಾತ್ರ ಎಂದು ಸ್ಪಷ್ಟಪಡಿಸಿದ್ದರು. ನಾವು ಅವರ ಗೆರೆಗಳನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಕೈಬಿಟ್ಟಿದ್ದೇವೆ.

1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಬೇರೆಬೇರೆಯಾಗಿ ಈ ಒಗಟನ್ನು ಬಿಡಿಸಿದರು. ಕಾರ್ಬನ್ನಿನ ನಾಲ್ಕು ಬಂಧಗಳು ಚತುರ್ಮುಖಿಯ, ಅಂದರೆ ನಾಲ್ಕು ತ್ರಿಕೋನ ಮುಖಗಳ ಘನಾಕೃತಿಯ, ನಾಲ್ಕು ಮೂಲೆಗಳತ್ತ ಚಾಚಿರುತ್ತವೆ. ಮೀಥೇನ್‌ನಲ್ಲಿ ಬಂಧಗಳ ನಡುವಿನ ಕೋನ ಹಲಗೆಯ ಮೇಲಿನ 90 ಡಿಗ್ರಿಯಲ್ಲ, ಸುಮಾರು 109.5 ಡಿಗ್ರಿ. ಚತುರ್ಮುಖಿಯಲ್ಲಿ ಯಾವ ಎರಡು ಮೂಲೆಗಳೂ ಅಕ್ಕಪಕ್ಕವೇ. ‘ಎದುರುಬದುರು’ ಎಂಬುದೇ ಅಲ್ಲಿಲ್ಲ!

ನಂಬಿಕೆ ಬಾರದಿದ್ದರೆ ಮಾಡಿ ನೋಡಿ. ಜೇಡಿಮಣ್ಣಿನ ಉಂಡೆಗೆ ನಾಲ್ಕು ಪೊರಕೆಕಡ್ಡಿಗಳನ್ನು ಸಮ ಅಂತರದಲ್ಲಿ ಚುಚ್ಚಿ. ಎರಡರ ತುದಿಗೆ ನೆನೆಸಿದ ಕಡಲೆ, ಉಳಿದೆರಡಕ್ಕೆ ಹಸಿ ಬಟಾಣಿ ಸಿಕ್ಕಿಸಿ. ಇಂಥದ್ದೇ ಇನ್ನೊಂದು ಮಾದರಿಯಲ್ಲಿ ಕಾಳುಗಳ ಜಾಗ ಬದಲಿಸಿ. ತಿರುಗಿಸಿದರೆ ಎರಡೂ ಒಂದೇ.

ಅಧ್ಯಾಪಕರೇ, ಚಪ್ಪಟೆ ಚಿತ್ರವನ್ನು ಬಿಡಬೇಕಿಲ್ಲ. ಬೇಗ ಬರೆಯಲು ಅದು ಅನುಕೂಲ. ಅದು ಏನನ್ನು ಹೇಳುವುದಿಲ್ಲ ಎಂಬುದನ್ನೂ ಅದೇ ತರಗತಿಯಲ್ಲಿ ಹೇಳಿಬಿಡಿ. ಇಲ್ಲವಾದರೆ ಮುಂದೆ ಲ್ಯಾಕ್ಟಿಕ್ ಆಮ್ಲದ ಎರಡು ಕನ್ನಡಿ ರೂಪಗಳ ಪಾಠ ಬಂದಾಗ ವಿದ್ಯಾರ್ಥಿಗೆ ಉಳಿಯುವುದು ಬಾಯಿಪಾಠವೊಂದೇ.