ಯಾವ ಪಟ್ಟಿಯ 15?

ಲಿನಕ್ಸ್ ಕರ್ನಲ್‌ಗೆ ಸೆಕ್‌ಕಾಂಪ್ ಎಂಬ ಸ್ಯಾಂಡ್‌ಬಾಕ್ಸ್ ಸೇರಿದ್ದು 2005ರಲ್ಲಿ, 2.6.12ನೇ ಆವೃತ್ತಿಯ ಜೊತೆಗೆ. ಜನ ತಮ್ಮ ಕಂಪ್ಯೂಟರಿನ ಬಿಡುವಿನ ಸಾಮರ್ಥ್ಯವನ್ನು ಅಪರಿಚಿತರಿಗೆ ಬಾಡಿಗೆಗೆ ಕೊಡುವ ಸಿಪಿಯುಶೇರ್ ಎಂಬ ಯೋಜನೆಗಾಗಿ ಆಂಡ್ರಿಯಾ ಆರ್ಕಾಂಜೆಲಿ ಅದನ್ನು ಬರೆದರು. ಕಟ್ಟುಪಾಡು ಬಲು ಬಿಗಿ. ಈ ಸ್ಯಾಂಡ್‌ಬಾಕ್ಸ್ ಹೊಕ್ಕ ಪ್ರೊಸೆಸ್ಸಿಗೆ ನಾಲ್ಕೇ ಸಿಸ್ಟಮ್ ಕಾಲ್‌ಗಳು: ಓದುವುದು, ಬರೆಯುವುದು, ಮುಗಿಸುವುದು, ಸಿಗ್ನಲ್‌ನಿಂದ ಮರಳುವುದು. ಐದನೆಯದನ್ನು ಕೇಳಿದರೆ ಕರ್ನಲ್ ಅದನ್ನು ಅಲ್ಲೇ ಕೊಲ್ಲುತ್ತದೆ. ಇಷ್ಟು ಪುಟ್ಟ ಪಟ್ಟಿಯಲ್ಲೂ ತೂತಿತ್ತು. 2009ರಲ್ಲಿ ಕ್ರಿಸ್ ಇವಾನ್ಸ್ ಅದನ್ನು ಪತ್ತೆ ಹಚ್ಚಿದರು.

ಸಿಸ್ಟಮ್ ಕಾಲ್ ಎಂದರೆ ಪ್ರೊಸೆಸ್ ಕರ್ನಲ್‌ನಿಂದ ಕೆಲಸ ಕೇಳುವ ಕರೆ; ಕರ್ನಲ್‌ಗೆ ಅದು ಬರೀ ಒಂದು ಸಂಖ್ಯೆ. ಎಕ್ಸ್86-64 ಯಂತ್ರದಲ್ಲಿ ಈ ಸಂಖ್ಯೆಗಳಿಗೆ ಎರಡು ಪಟ್ಟಿಗಳಿವೆ, 64 ಬಿಟ್ಟಿನದೊಂದು, ಹಳೆಯ 32 ಬಿಟ್ಟಿನದೊಂದು. ಒಂದೇ ನಂಬರಿನ ಬಸ್ಸು ಒಂದೂರಲ್ಲಿ ಮಾರುಕಟ್ಟೆಗೂ ಇನ್ನೊಂದೂರಲ್ಲಿ ಆಸ್ಪತ್ರೆಗೂ ಹೋಗುವಂತೆ, 15 ಎಂಬುದು 64 ಬಿಟ್ ಪಟ್ಟಿಯಲ್ಲಿ ಸಿಗ್ನಲ್‌ನಿಂದ ಮರಳುವ ನಿರಪಾಯದ ಕರೆ. 32 ಬಿಟ್ ಪಟ್ಟಿಯಲ್ಲಿ ಅದೇ ಕಡತದ ಅನುಮತಿ ಬದಲಿಸುವ ಚ್‌ಮಾಡ್. ಹಾಗೆಯೇ 4 ಎಂಬುದು 64 ಬಿಟ್ ಪಟ್ಟಿಯಲ್ಲಿ ಕಡತದ ವಿವರ ಕೇಳುವ ಸ್ಟ್ಯಾಟ್, 32 ಬಿಟ್ ಪಟ್ಟಿಯಲ್ಲಿ ಬರೆಯುವ ಕರೆ. 64 ಬಿಟ್ ಪ್ರೊಸೆಸ್ ಕೂಡ ಹಳೆಯ ಇಂಟರಪ್ಟ್ ದಾರಿಯಿಂದ 32 ಬಿಟ್ ಕರೆ ಮಾಡಬಹುದು, ಯಂತ್ರ ತಡೆಯುವುದಿಲ್ಲ. ಆದರೆ ಸೆಕ್‌ಕಾಂಪ್ ನೋಡುತ್ತಿದ್ದದ್ದು ಪ್ರೊಸೆಸ್ ಹುಟ್ಟಿನಿಂದ ಯಾವ ಬಗೆಯದು ಎಂಬ ಗುರುತನ್ನು. ಬಂದ ಕರೆ ಯಾವ ಬಾಗಿಲಿನಿಂದ ಬಂತು ಎಂದು ಅದು ಕೇಳಲೇ ಇಲ್ಲ. ಹಳೆಯ ಬಾಗಿಲಿನಿಂದ ಬಂದ 15ನ್ನು ಅದು ಹೊಸ ಪಟ್ಟಿಯಲ್ಲಿ ನೋಡಿ ಒಪ್ಪಿತು, ಕರ್ನಲ್ ಹಳೆಯ ಪಟ್ಟಿಯ 15ನ್ನು ನಡೆಸಿತು.

ರೋಲಂಡ್ ಮೆಗ್ರಾತ್ ಬರೆದ ಪರಿಹಾರ ಸರಳವಾದದ್ದು. ಪ್ರೊಸೆಸ್ಸಿನ ಗುರುತನ್ನು ಬಿಟ್ಟು ಈ ಕರೆಯ ಗುರುತನ್ನೇ ನೋಡು ಎಂದಿತು ಆ ಪ್ಯಾಚ್. ತಪ್ಪಿನ ಬೇರಿಗೇ ಕೈ ಹಾಕಿದ ತಿದ್ದುಪಡಿ ಅದು, ಅನಗತ್ಯವಾಗಿ ಒಂದು ಸಾಲೂ ಕದಲಲಿಲ್ಲ. ಒಳ್ಳೆಯ ಭದ್ರತಾ ಪ್ಯಾಚ್ ಹೇಗಿರಬೇಕು ಎಂದು ಕಲಿಯುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ. ನಾಲ್ಕೇ ಕರೆ ಬೇಕಿರುವ ಪ್ರೊಸೆಸ್ಸಿಗೆ ನಡುವೆ ಬಾಗಿಲು ಬದಲಿಸುವ ಅಗತ್ಯವೇ ಇಲ್ಲ. ಹಾಗೆ ಬದಲಿಸಿದ್ದನ್ನೇ ಅಪರಾಧವೆಂದು ಎಣಿಸಬಹುದಿತ್ತು. ಪ್ಯಾಚ್ ಎರಡೂ ಬಾಗಿಲುಗಳನ್ನು ತೆರೆದೇ ಇಟ್ಟು, ಕಾವಲನ್ನಷ್ಟೇ ಸರಿಪಡಿಸಿತು.

ಆ ಉದಾರತೆಯ ಬೆಲೆ ಮುಂದೆ ಗೊತ್ತಾಯಿತು. 2012ರಲ್ಲಿ, 3.5ನೇ ಆವೃತ್ತಿಯಲ್ಲಿ, ವಿಲ್ ಡ್ರೂರಿ ಸೆಕ್‌ಕಾಂಪ್‌ಗೆ ಫಿಲ್ಟರ್ ಬರೆಯುವ ಸೌಲಭ್ಯ ತಂದರು. ಬ್ರೌಸರ್, ಕಂಟೇನರ್, ಆಂಡ್ರಾಯ್ಡ್ ಎಲ್ಲವೂ ಇಂದು ನೆಚ್ಚಿರುವುದು ಇದನ್ನೇ. ಫಿಲ್ಟರಿಗೆ ಕರೆಯ ಸಂಖ್ಯೆ, ಆರು ಆರ್ಗ್ಯುಮೆಂಟ್‌ಗಳು, ಯಾವ ಆರ್ಕಿಟೆಕ್ಚರ್ ಎಂಬ ಮಾಹಿತಿ ಸಿಗುತ್ತದೆ. ಪಾಯಿಂಟರ್ ಹಿಂದೆ ಹೋಗಿ ಕಡತದ ಹೆಸರನ್ನು ಓದಲು ಬಿಡದಿದ್ದದ್ದು ಬಹಳ ವಿವೇಕದ ನಿರ್ಧಾರ: ಪರೀಕ್ಷೆ ಮುಗಿದು ಕೆಲಸ ನಡೆಯುವಷ್ಟರಲ್ಲಿ ಇನ್ನೊಂದು ಥ್ರೆಡ್ ಆ ಹೆಸರನ್ನು ಬದಲಿಸಿಬಿಡಬಹುದು. ಆದರೆ 2009ರಲ್ಲಿ ಕರ್ನಲ್ ತಾನೇ ಕೇಳಲು ಕಲಿತಿದ್ದ ಪ್ರಶ್ನೆಯನ್ನು ಈಗ ಫಿಲ್ಟರ್ ಬರೆಯುವವರಿಗೆ ದಾಟಿಸಿತು. ಆರ್ಕಿಟೆಕ್ಚರ್ ನೋಡದ ಫಿಲ್ಟರಿನಲ್ಲಿ ಅದೇ ಹಳೆಯ ತೂತು. ನೋಡಿದರೂ ಸಾಲದು: ಎಕ್ಸ್32 ಎಂಬ ಮೂರನೆಯ ಬಗೆ 64 ಬಿಟ್ಟಿನ ಆರ್ಕಿಟೆಕ್ಚರ್ ಗುರುತನ್ನೇ ತೋರಿಸಿ, ಸಂಖ್ಯೆಗೆ ಮಾತ್ರ ಒಂದು ದೊಡ್ಡ ಬಿಟ್ ಸೇರಿಸುತ್ತದೆ. ಬೇಡದ್ದನ್ನಷ್ಟೇ ಪಟ್ಟಿ ಮಾಡಿದ ಫಿಲ್ಟರನ್ನು ಅದು ಸಲೀಸಾಗಿ ದಾಟುತ್ತದೆ.

ಇನ್ನೊಂದು ತೂತು ಸಮಯದ್ದು. ಪಿಟ್ರೇಸ್ ಎಂಬ ಸೌಲಭ್ಯದ ಮೂಲಕ ಒಂದು ಪ್ರೊಸೆಸ್ಸನ್ನು ಹಿಂಬಾಲಿಸುವವರು, ಸೆಕ್‌ಕಾಂಪ್ ಒಪ್ಪಿಗೆ ಕೊಟ್ಟ ಬಳಿಕ ಕರೆಯ ಸಂಖ್ಯೆಯನ್ನೇ ಬದಲಿಸಬಹುದಿತ್ತು. 2016ರಲ್ಲಿ, 4.8ನೇ ಆವೃತ್ತಿಗೆ, ಕೀಸ್ ಕುಕ್ ಸರದಿಯನ್ನೇ ತಿರುಗಿಸಿದರು: ಮೊದಲು ಪಿಟ್ರೇಸ್, ಆಮೇಲೆ ಸೆಕ್‌ಕಾಂಪ್. ಈ ಸರಣಿಯಲ್ಲಿ ನನಗೆ ಅತ್ಯುತ್ತಮವೆನಿಸುವ ದುರಸ್ತಿ ಇದೇ. ಇದರ ಲಾಭ ಪಡೆಯಲು ಯಾರೂ ತಮ್ಮ ಫಿಲ್ಟರಿನ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ.

ಆರ್ಕಿಟೆಕ್ಚರ್ ವಿಷಯದಲ್ಲಿ ಅಂಥ ರಕ್ಷಣೆ ಸಿಗುವುದು ಲಿಬ್‌ಸೆಕ್‌ಕಾಂಪ್‌ನಂಥ ಲೈಬ್ರರಿ ಬಳಸಿದವರಿಗೆ ಮಾತ್ರ. ಗೊತ್ತಿಲ್ಲದ ಬಾಗಿಲಿನಿಂದ ಬಂದ ಕರೆಯನ್ನು ಲಿಬ್‌ಸೆಕ್‌ಕಾಂಪ್ ತಾನಾಗಿಯೇ ನಿರಾಕರಿಸುತ್ತದೆ. ಕೈಯಾರೆ ಫಿಲ್ಟರ್ ಬರೆಯುವವರು ಆರ್ಕಿಟೆಕ್ಚರ್ ನೋಡುವ ಕೆಲವು ಸಾಲುಗಳ ಪರೀಕ್ಷೆಯನ್ನು ತಾವೇ ನೆನಪಿಟ್ಟು ಸೇರಿಸಬೇಕು. ಆ ಸಾಲುಗಳು ಇರಬೇಕಾದ್ದು ಕರ್ನಲ್‌ನಲ್ಲೇ.