ಜಾನ್ ಬಾರ್ನ್ಸರ ಚಲಚ್ಚಿತ್ರೇತಿಹಾಸ

ಇಂಗ್ಲೆಂಡಿನ ಚಲಚ್ಚಿತ್ರದ ಆರಂಭಕಾಲವನ್ನು ಕುರಿತು ಬರೆದವರಲ್ಲಿ ಜಾನ್ ಬಾರ್ನ್ಸರು (1920–2008) ಅಗ್ರಗಣ್ಯರು. ಇವರು ಮೊದಲು ಸಂಗ್ರಾಹಕರು, ಇತಿಹಾಸಕಾರರಾದುದು ಆಮೇಲೆ. ಅವಳಿ ಸೋದರರಾದ ವಿಲಿಯಂ ಬಾರ್ನ್ಸರೊಡನೆ ಹರೆಯದಲ್ಲಿಯೇ ಮ್ಯಾಜಿಕ್ ಲ್ಯಾಂಟರ್ನು, ನೆರಳಾಟದ ಬೊಂಬೆ, ಹಳೆಯ ಕ್ಯಾಮರಾ ಮೊದಲಾದುವನ್ನು ಕೂಡಿಸತೊಡಗಿ, 1963ರಲ್ಲಿ ಕಾರ್ನ್‌ವಾಲ್ ಪ್ರಾಂತದ ಸೇಂಟ್ ಐವ್ಸ್ ಊರಿನಲ್ಲಿ ವಸ್ತುಸಂಗ್ರಹಾಲಯವೊಂದನ್ನು ತೆರೆದರು.

ಇವರ ಮುಖ್ಯ ಕೃತಿ ಐದು ಸಂಪುಟಗಳ ಇತಿಹಾಸ. 1976ರಲ್ಲಿ ಹೊರಬಂದ ಮೊದಲನೆಯದು 1894ರಿಂದ 1896ರ ವರೆಗಿನ ಕಾಲವನ್ನು ಒಳಗೊಂಡಿದೆ. ಮುಂದೆ 1900ರ ವರೆಗೆ ವರ್ಷಕ್ಕೊಂದು ಸಂಪುಟ. ಏಳು ವರ್ಷಗಳ ಕಥೆಗೆ ಇಷ್ಟು ವಿಸ್ತಾರವು ಅತಿಯೆಂದು ತೋರಬಹುದು. ಆದರೆ ಈ ಕೃತಿಯ ಬೆಲೆಯಿರುವುದು ವಿಸ್ತಾರದಲ್ಲಿಯೇ.

ನಿದರ್ಶನಕ್ಕೆ ಪಾಲ್–ಏಕರ್ಸ್ ವಿವಾದವನ್ನು ನೋಡಬಹುದು. ಉಪಕರಣ ತಯಾರಕನಾದ ರಾಬರ್ಟ್ ಪಾಲನೂ ಛಾಯಾಗ್ರಾಹಕನಾದ ಬರ್ಟ್ ಏಕರ್ಸನೂ 1895ರಲ್ಲಿ ಕೂಡಿ ದುಡಿದು, ಕ್ಯಾಮರಾವೊಂದು ಸಿದ್ಧವಾದ ಬಳಿಕ ಬೇರೆಯಾದರು. ನಿರ್ಮಾಣದ ಕೀರ್ತಿ ತನ್ನದೆಂದು ಇಬ್ಬರೂ ವಾದಿಸಿದರು. ವೃದ್ಧರ ನೆನಪುಗಳನ್ನು ನೆಚ್ಚಿ ಇಂತಹ ವಾದಗಳನ್ನು ತೀರ್ಮಾನಿಸುವುದು ಸುಲಭ. ಬಾರ್ನ್ಸರು ಹಾಗೆ ಮಾಡದೆ ಆ ಕಾಲದ ಪತ್ರಿಕೆಗಳನ್ನೂ ಪೇಟೆಂಟುಗಳನ್ನೂ ಮಾರಾಟದ ಪಟ್ಟಿಗಳನ್ನೂ, ಅವುಗಳ ಜತೆಗೆ ಯಂತ್ರಗಳನ್ನೂ ಪರೀಕ್ಷಿಸುತ್ತಾರೆ. ಶಾಸನವನ್ನು ಓದುವವನು ಪ್ರತಿಯೊಂದನ್ನೇ ನಂಬದೆ ಕಲ್ಲನ್ನೂ ತಡವಿ ನೋಡುವನಷ್ಟೆ! 1896ರ ಜನವರಿ 14ರಂದು ಏಕರ್ಸನು ಲಂಡನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯಲ್ಲಿ ತನ್ನ ಚಿತ್ರಗಳನ್ನು ತೋರಿಸಿದನು. ಫೆಬ್ರವರಿ 20ರಂದು ಪಾಲನು ಫಿನ್ಸ್‌ಬರಿ ಟೆಕ್ನಿಕಲ್ ಕಾಲೇಜಿನಲ್ಲಿ ತೋರಿಸಿದನು. ಲೂಮಿಯೇರ್ ಸೋದರರ ಚಿತ್ರಗಳು ಅದೇ ನಗರದಲ್ಲಿ ಮೊದಲು ಕಂಡುದೂ ಅದೇ ದಿನ. ಸಂಗತಿಗಳನ್ನು ಹೀಗೆ ಕ್ರಮವಾಗಿ ಇಟ್ಟೊಡನೆ “ಯಾರು ಮೊದಲಿಗರು” ಎಂಬ ಒಂದು ಪ್ರಶ್ನೆ ಮೂರಾಗಿ ಒಡೆಯುತ್ತದೆ: ಕ್ಯಾಮರಾವನ್ನು ಮಾಡಿದವರಾರು, ತೆರೆಯ ಮೇಲೆ ತೋರಿಸಿದವರಾರು, ಯಂತ್ರವನ್ನು ಪರರಿಗೆ ಮಾರಿ ವೃತ್ತಿಯನ್ನು ಹಬ್ಬಿಸಿದವರಾರು? ಮೂರನೆಯದರಲ್ಲಿ ಪಾಲನ ಹಿರಿಮೆ ನಿರ್ವಿವಾದವಾದುದು. ಫ್ರಾನ್ಸಿನ ಮೆಲಿಯೇಸನು ಸಹ ಅವನಿಂದಲೇ ಯಂತ್ರವನ್ನು ಕೊಂಡನು.

ಕೃತಿಯ ಕೊರತೆಯೂ ಸಂಗ್ರಾಹಕನ ದೃಷ್ಟಿಯಿಂದಲೇ ಹುಟ್ಟಿದುದು. ವಸ್ತುವಾಗಿಯೋ ಅಚ್ಚಾಗಿಯೋ ಉಳಿದುದಕ್ಕೆ ಇಲ್ಲಿ ಧಾರಾಳವಾಗಿ ಸ್ಥಳವುಂಟು. ಉಳಿಯದುದಕ್ಕೆ, ಎಂದರೆ ಪ್ರೇಕ್ಷಕರ ಬೆರಗಿಗೆ, ಚಿತ್ರ ಓಡುತ್ತಿರುವಾಗ ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದವನ ಮಾತಿಗೆ, ಸ್ಥಳ ಕಡಮೆ. ಚಿತ್ರಗಳ ಕಲಾಗುಣದ ವಿಮರ್ಶೆಯನ್ನು ಬಯಸುವವರಿಗೂ ಇಲ್ಲಿ ತೃಪ್ತಿ ದೊರೆಯಲಾರದು. ಆದರೂ ಅಂತಹ ವಿಮರ್ಶೆಗೆ ತೊಡಗುವವರು ಈ ಸಂಪುಟಗಳಲ್ಲಿರುವ ವರ್ಷವರ್ಷದ ಚಿತ್ರಪಟ್ಟಿಗಳನ್ನು ಬಿಟ್ಟು ಮುಂದುವರಿಯುವಂತಿಲ್ಲ.

ಸೇಂಟ್ ಐವ್ಸಿನ ಸಂಗ್ರಹಾಲಯವು 1986ರಲ್ಲಿ ಮುಚ್ಚಿತು. ಸಿನಿಮಾಪೂರ್ವದ ಸಾಧನಗಳು ಇಟಲಿಯ ಟ್ಯೂರಿನ್ ನಗರದ ರಾಷ್ಟ್ರೀಯ ಸಿನಿಮಾ ಸಂಗ್ರಹಾಲಯಕ್ಕೂ, ಇಂಗ್ಲೆಂಡಿನ ದಕ್ಷಿಣ ತೀರದ ಚಿತ್ರಕಾರರಿಗೆ ಸಂಬಂಧಿಸಿದುವು ಹೋವ್ ಸಂಗ್ರಹಾಲಯಕ್ಕೂ ಸೇರಿದುವು. ಬಾರ್ನ್ಸರ ಮಾತನ್ನು ಅವರ ವಸ್ತುಗಳೊಡನೆ ತಾಳೆ ನೋಡಬಯಸುವವನು ಈಗ ಎರಡು ದೇಶಗಳನ್ನು ಸುತ್ತಬೇಕಾಗಿದೆ.