ರಕ್ತಸಂಬಂಧ ಮತ್ತು ನ್ಯಾಯಪೀಠ: ‘ಚಿಕವೀರ ರಾಜೇಂದ್ರ’ದ ಒಂದು ಓದು

ಟೇಕಲ್ ಮತ್ತು ಮಾಸ್ತಿ ಒಂದೇ ಮಾಲೂರು ತಾಲ್ಲೂಕಿನ ಹೋಬಳಿಗಳು. ಈ ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಆಡಳಿತ ಸೇವೆಯಲ್ಲಿದ್ದು 1943ರಲ್ಲಿ ನಿವೃತ್ತರಾದರು. ಕಂದಾಯದ ಅಧಿಕಾರಿಯೇ ಮ್ಯಾಜಿಸ್ಟ್ರೇಟನೂ ಆಗಿರುತ್ತಿದ್ದ ವ್ಯವಸ್ಥೆಯನ್ನು ಅವರು ಒಳಗಿನಿಂದ ಬಲ್ಲವರು. ಅವರು 1956ರಲ್ಲಿ ಪ್ರಕಟಿಸಿದ ‘ಚಿಕವೀರ ರಾಜೇಂದ್ರ’ವನ್ನು ನಮ್ಮ ವಿಮರ್ಶೆ ಬಹುಮಟ್ಟಿಗೆ ಶೀಲಗೆಟ್ಟ ಅರಸನೊಬ್ಬನ ಪತನದ ಕಥೆಯಾಗಿ, ಇಲ್ಲವೇ ಕೊಡಗು ಇಂಗ್ಲಿಷರ ಕೈಸೇರಿದ ಇತಿಹಾಸವಾಗಿ ನೋಡಿದೆ. ಆದರೆ ಕಾದಂಬರಿಯ ನಡುವೆ ಇರುವುದು ಒಂದು ವ್ಯಾಜ್ಯ. ಅದನ್ನು ವಿಚಾರಿಸಬೇಕಾದವನು ವಾದಿಗಳ ಸ್ವಂತ ಬಂಧು.

ಅರಸನ ತಂಗಿ ದೇವಮ್ಮಾಜಿ ಅರಮನೆಯ ಸೆರೆಯಲ್ಲಿದ್ದಾಳೆ. ಆಕೆಯ ಗಂಡ ಚೆನ್ನಬಸವಯ್ಯ ಹೆಂಡತಿಯನ್ನು ಬಿಟ್ಟುಕೊಡಿರೆಂದು ಯಾರಲ್ಲಿ ಕೇಳಬೇಕು? ಸೆರೆಯಲ್ಲಿಟ್ಟವನು ಭಾವ, ದೂರು ಕೇಳುವವನೂ ಅದೇ ಭಾವ. ರಾಣಿ ಗೌರಮ್ಮ ಬೇಡಿಕೊಳ್ಳುತ್ತಾಳೆ, ಮಂತ್ರಿಗಳಾದ ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ ಬುದ್ಧಿ ಹೇಳುತ್ತಾರೆ. ಇವರೆಲ್ಲ ಪೀಠದ ಮುಂದೆ ನಿಂತು ಮಾತನಾಡಬಲ್ಲರೇ ಹೊರತು, ‘ಈ ವ್ಯಾಜ್ಯ ನಿಮ್ಮದಲ್ಲ, ಬೇರೊಬ್ಬರು ಕೇಳಲಿ’ ಎನ್ನಬಲ್ಲ ಸ್ಥಾನ ಯಾರಿಗೂ ಇಲ್ಲ. ಅರಸ ಕುಡುಕನೂ ಕ್ರೂರಿಯೂ ಆಗಿದ್ದಾನೆಂಬುದು ನಿಜ; ಆದರೆ ಅವನು ಸಜ್ಜನನಾಗಿದ್ದರೂ ಚೆನ್ನಬಸವಯ್ಯನಿಗೆ ಆ ಪೀಠದಲ್ಲಿ ನಂಬಿಕೆ ಹುಟ್ಟುತ್ತಿತ್ತೇ ಎಂಬುದು ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರ ಕೊಡುವ ಉತ್ತರ ಗಮನಾರ್ಹವಾದುದು. ಕಲ್ಯಾಣದಲ್ಲಿ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿ, ಸಭಾಸದರು ಶತ್ರುವಿನಲ್ಲಿಯೂ ಮಿತ್ರನಲ್ಲಿಯೂ ಸಮಭಾವವುಳ್ಳವರಾಗಿರಬೇಕೆಂದು ವಿಧಿಸುತ್ತದೆ. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ತಪ್ಪಿ ನಡೆದ ಸಭಾಸದನಿಗೆ ಸೋತವನ ದಂಡದ ಇಮ್ಮಡಿ ದಂಡ. ಧರ್ಮದಿಂದ ಜಾರಿದವನು ಸೋದರನಾಗಲಿ, ಮಗನಾಗಲಿ, ಮಾವನಾಗಲಿ, ಸೋದರಮಾವನಾಗಲಿ ಅರಸನಿಗೆ ಅದಂಡ್ಯನಲ್ಲ. ಸೂಕ್ಷ್ಮವಾಗಿ ನೋಡಿದರೆ ಈ ಮಾತು ನೆಂಟನ ವಿಚಾರಣೆಯಿಂದ ಹಿಂದೆ ಸರಿ ಎನ್ನುವುದಿಲ್ಲ. ನೆಂಟನನ್ನೂ ಎದೆಗುಂದದೆ ದಂಡಿಸು ಎನ್ನುತ್ತದೆ. ಪಕ್ಷಪಾತಕ್ಕೆ ಇಲ್ಲಿರುವ ಮದ್ದು ತೀರ್ಪುಗಾರನ ಶೀಲ.

ಆಧುನಿಕ ನ್ಯಾಯ ಈ ಮದ್ದನ್ನು ಸಾಲದೆಂದು ಬಗೆಯಿತು. ಈ ಬದಲಾವಣೆಯ ಎರಡು ಮುಖ್ಯ ತೀರ್ಪುಗಳನ್ನು ಬರೆದವರು ಕನ್ನಡನಾಡಿನ ನ್ಯಾಯಮೂರ್ತಿಗಳು. 1969ರ ಕ್ರೈಪಾಕ್ ಪ್ರಕರಣದಲ್ಲಿ ಅಭ್ಯರ್ಥಿಯಾಗಿದ್ದವನೇ ಆಯ್ಕೆ ಮಂಡಳಿಯ ಸದಸ್ಯನೂ ಆಗಿದ್ದ. ತನ್ನ ಹೆಸರು ಬಂದಾಗ ಅವನು ಎದ್ದು ಹೋಗಿದ್ದರೂ ಕೆ.ಎಸ್. ಹೆಗ್ಡೆಯವರು ಆಯ್ಕೆಯನ್ನು ಒಪ್ಪಲಿಲ್ಲ. 1987ರ ರಂಜಿತ್ ಠಾಕೂರ್ ಪ್ರಕರಣದಲ್ಲಿ ಸೈನಿಕನೊಬ್ಬ ಯಾವ ಅಧಿಕಾರಿಯ ಮೇಲೆ ದೂರು ಕೊಟ್ಟಿದ್ದನೋ ಅದೇ ಅಧಿಕಾರಿ ಸೇನಾ ನ್ಯಾಯಾಲಯದಲ್ಲಿ ಕುಳಿತಿದ್ದ. ತೀರ್ಪುಗಾರ ತನ್ನ ಮನಸ್ಸನ್ನು ಕೆದಕಿ ನೋಡಿಕೊಂಡರೆ ಆಗದು, ಎದುರಿಗಿರುವ ಕಕ್ಷಿಗಾರನ ಮನಸ್ಸನ್ನು ನೋಡಬೇಕು ಎಂಬುದು ಅಲ್ಲಿ ಎಂ.ಎನ್. ವೆಂಕಟಾಚಲಯ್ಯನವರ ನಿಲುವು. ಸ್ವಜನರ ವಿಚಾರದಲ್ಲಿ ಇನ್ನೂ ಸ್ಪಷ್ಟವಾದ ನಿಯಮವಿದೆ: 1997ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಗೀಕರಿಸಿದ ನಡವಳಿಕೆಯ ಸೂತ್ರಗಳ ಪ್ರಕಾರ ಕುಟುಂಬದವರು, ಹತ್ತಿರದ ನೆಂಟರು, ಸ್ನೇಹಿತರು ಸಂಬಂಧಪಟ್ಟ ಮೊಕದ್ದಮೆಯನ್ನು ನ್ಯಾಯಮೂರ್ತಿ ಕೇಳಬಾರದು.

ನೆಂಟರೆಂದರೆ ಯಾರು ಎಂಬುದು ಮಾತ್ರ ಸುಲಭವಾಗಿ ಬಗೆಹರಿಯದು. ನ್ಯಾಯಾಧೀಶನಿಗೆ ಬಂಧುವಾದ ವಕೀಲ ಅವನ ಮುಂದೆ ವಾದಿಸಕೂಡದೆಂದು ಹೇಳುವ ಬಾರ್ ಕೌನ್ಸಿಲ್ ನಿಯಮ ತಂದೆ, ತಾತನಿಂದ ಅಳಿಯ, ಸೊಸೆ, ನಾದಿನಿಯವರೆಗೆ ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ಅದರಲ್ಲಿ ಬೀಗರಿಲ್ಲ. ಮಗಳನ್ನು ಕೊಟ್ಟ ಮನೆಯ ಯಜಮಾನ ಎದುರು ನಿಂತಾಗ ಸಂಕೋಚಪಡದ ಮನುಷ್ಯ ಟೇಕಲ್ ಸೀಮೆಯಲ್ಲಿರಲಿ, ದಕ್ಷಿಣದ ಯಾವ ಸೀಮೆಯಲ್ಲಿ ಸಿಕ್ಕಾನು? ಸೋದರಮಾವನೇ ಮಾವನಾಗುವ ನಮ್ಮ ಮದುವೆಗಳಲ್ಲಿ ಒಬ್ಬನೇ ವ್ಯಕ್ತಿ ಆ ಪಟ್ಟಿಯಲ್ಲಿ ಎರಡು ಬಾರಿ ಬರುತ್ತಾನೆ. ಬೀಗ ಒಮ್ಮೆಯೂ ಬರುವುದಿಲ್ಲ.

ಹಿಂದೆ ಸರಿಯಬೇಕೆಂಬ ನಿಯಮಕ್ಕೆ ಅರ್ಥ ಬರುವುದು ಇನ್ನೊಂದು ಪೀಠ ಇದ್ದಾಗ. ಮಾಸ್ತಿಯವರ ಕೊಡಗಿನಲ್ಲಿ ಅದು ಇಲ್ಲ. ಆದ್ದರಿಂದಲೇ ದಂಪತಿಗಳು ಗಡಿ ದಾಟುತ್ತಾರೆ. ಚರಿತ್ರೆಯಲ್ಲಿ ಇದು ನಡೆದದ್ದು 1832ರಲ್ಲಿ. ಅವರು ಮೊರೆಹೊಕ್ಕದ್ದು ಮೈಸೂರಿನ ರೆಸಿಡೆಂಟ್ ಕಾಸಾಮೇಜರನನ್ನು. ಅವನು ನೆಂಟನಲ್ಲ ನಿಜ. ಆದರೆ ಕೊಡಗಿನ ಮೇಲೆ ಕಣ್ಣಿಟ್ಟ ಕಂಪನಿಯ ಅಧಿಕಾರಿ. ರಕ್ತಸಂಬಂಧದ ಪೀಠದಿಂದ ಲಾಭಸಂಬಂಧದ ಪೀಠಕ್ಕೆ ವ್ಯಾಜ್ಯ ವರ್ಗವಾಯಿತು. 1834ರಲ್ಲಿ ಕೊಡಗು ಕಂಪನಿಗೆ ಸೇರಿತು. ಕಾದಂಬರಿಯಲ್ಲಿ ಹಿಂದೆ ಉಳಿದ ತಂಗಿಯ ಕೂಸನ್ನು ಅರಸ ಕೊಲ್ಲುವ ಪ್ರಸಂಗವನ್ನು ಕೇವಲ ಕ್ರೌರ್ಯದ ಶಿಖರವೆಂದು ಓದುವುದು ಸಾಲದು. ತನ್ನ ಪೀಠವನ್ನು ಧಿಕ್ಕರಿಸಿ ಹೋದವರ ಮೇಲೆ ಅವನು ಕೊಟ್ಟ ಏಕಪಕ್ಷೀಯ ತೀರ್ಪು ಅದು.

ಕೃತಿಯ ಮಿತಿಯೂ ಇಲ್ಲಿಯೇ ಇದೆ. ಸಮರ್ಥ ಮಂತ್ರಿ ಮತ್ತು ಸಾಧ್ವಿ ರಾಣಿಯ ವಿವೇಕ ಅರಸನನ್ನು ತಿದ್ದಬಹುದಿತ್ತೆಂಬ ಆಸೆಯನ್ನು ನಿರೂಪಣೆ ಬಹುದೂರ ಉಳಿಸಿಕೊಳ್ಳುತ್ತದೆ. ಅಂದರೆ ಮಾಸ್ತಿಯವರು ಸ್ಮೃತಿಕಾರರಂತೆ ಶೀಲದಲ್ಲಿ ಭರವಸೆ ಇಟ್ಟವರು. ಆದರೆ ಅವರು ಕಟ್ಟಿದ ಘಟನಾವಳಿ ಆ ಭರವಸೆಗೆ ಒಪ್ಪುವುದಿಲ್ಲ. ಶೀಲ ಇದ್ದವರಿಗೆ ಪೀಠವಿಲ್ಲ, ಪೀಠ ಇದ್ದವನಿಗೆ ಶೀಲವಿಲ್ಲ. ಲೇಖಕರ ಒಲವಿಗಿಂತ ಕಥೆಯ ನಡೆ ಹೆಚ್ಚು ನಿಷ್ಠುರವಾಗಿದೆ, ಕೃತಿಯ ಬಲವೂ ಅದೇ.

ಪದಚ್ಯುತನಾದ ಚಿಕವೀರ ರಾಜೇಂದ್ರ 1852ರಲ್ಲಿ ಇಂಗ್ಲೆಂಡಿಗೆ ಹೋದ. ಕಂಪನಿಯ ವಶದಲ್ಲಿದ್ದ ತನ್ನ ಹಣಕ್ಕಾಗಿ ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ಅದೇ ಕಂಪನಿಯ ಮೇಲೆ ದಾವೆ ಹೂಡಿದ. ಕಂಪನಿಯ ಕೈಯಾಚೆಗಿನ ಪೀಠವೊಂದನ್ನು ಹುಡುಕಿಕೊಂಡು ಅಷ್ಟು ದೂರ ಹೋದ ಅವನು 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ.